ಚಿಪ್ಪು ಕೇಳಿದ ಹುಡುಗ: ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ನಿಮ್ಮ ಮನಸ್ಸಿನಿಂದ ಹೋಗದ ಕಥೆ ಯಾವುದು?

ಕೋಟೆಮನೆ, ಡೊಂಬಿವಲಿ

ಎರಡು ವಾರದಿಂದ ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿದೆ. ಮನೆಯಲ್ಲಿ ಹೇಳಿದೆ. ಕೇಳಿಸಿಕೊಂಡರು, ಆದರೆ ಆಡದವರಿಗೆ ಇದು ಪೂರ್ತಿ ಮುಟ್ಟುವುದಿಲ್ಲ. ಈ ಗುಂಪಿನಲ್ಲಿ ಮುಂಬಯಿ, ಪುಣೆ, ಗೋವಾದಲ್ಲಿರುವ ನಮ್ಮವರು ಸುಮಾರು ಜನ ಡ್ವಾರ್ಫ್ ಫೋರ್ಟ್ರೆಸ್ ಅನ್ನುವ ಈ ಕಂಪ್ಯೂಟರ್ ಆಟ ಆಡುತ್ತೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಆಡದವರಿಗಾಗಿ ಎರಡು ಮಾತು. 7 ಜನ ಕುಳ್ಳರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಗುಡ್ಡ ಕೊರೆದು ಒಳಗೆ ಊರು ಮಾಡಬೇಕು. ನೀವು ಕೆಲಸ ಹೇಳಿಡಬಹುದು, ಅಷ್ಟೇ. ಅದನ್ನು ಯಾರು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಅನ್ನುವುದು ಅವರಿಗೆ ಬಿಟ್ಟದ್ದು. ಒಬ್ಬೊಬ್ಬರಿಗೂ ಹೆಸರಿದೆ, ಅಪ್ಪ ಅಮ್ಮ ಇದ್ದಾರೆ, ಇಷ್ಟದ ಕಲ್ಲು, ಇಷ್ಟದ ಪ್ರಾಣಿ, ಮನಸ್ಸಲ್ಲಿ ಉಳಿದ ನೆನಪು ಎಲ್ಲ ಇದೆ. ಹೆಸರು ಒತ್ತಿದರೆ ಓದಬಹುದು. ಓದದೆಯೂ ಆಡಬಹುದು. ನಾನು ಓದದೆ ಆಡುತ್ತಿದ್ದವನು.

ನನ್ನ ಕೋಟೆಗೆ 8 ವರ್ಷ ಆಗಿತ್ತು, 90 ಜನ ಇದ್ದರು. ಒಂದು ಬೇಸಿಗೆಯಲ್ಲಿ ಕಸದ ರಾಶಿ ಕೊಳೆತು ನೇರಳೆ ಬಣ್ಣದ ನಾತ ಊಟದ ಹಜಾರದವರೆಗೂ ಬಂತು. ಎಲ್ಲರೂ ಬೇಜಾರಾಗಿದ್ದರು. ಕೆಳಗೆ ಮಾಗ್ಮಾ, ಅಂದರೆ ಕುದಿಯುವ ಕರಗಿದ ಕಲ್ಲು, ಸಿಕ್ಕಿತ್ತಲ್ಲ, ಅದರ ಬಾಯಿಯ ಹತ್ತಿರ ಎಸೆಯುವ ಜಾಗ ಗುರುತಿಸಿ, ಇಡೀ ರಾಶಿಯನ್ನು ಅಲ್ಲಿ ಸುರಿಯಿರಿ ಅಂತ ಹೇಳಿಟ್ಟೆ. ಮೂಳೆ, ಹರಿದ ಬಟ್ಟೆ, ಆಮೆ ಚಿಪ್ಪು, ಎಲ್ಲ ಹೋಯಿತು. ಜಾಗ ಕ್ಲೀನ್ ಆಯಿತು. ನನಗೆ ಖುಷಿ ಆಗಿತ್ತು, ಅದು ಚೆನ್ನಾಗಿ ನೆನಪಿದೆ.

ಮಳೆಗಾಲ ಶುರುವಾದ ವಾರ ಅದು, ನಮ್ಮ ಕಡೆ ಲೋಕಲ್ ರೈಲೆಲ್ಲ ತಡ. ರಾತ್ರಿ ಹತ್ತಕ್ಕೆ ಮನೆ ಸೇರಿ, ಊಟ ಮಾಡಿ, ಲ್ಯಾಪ್‌ಟಾಪ್ ತೆಗೆದೆ. ಗಾಬ್ಲಿನ್‌ಗಳು, ಅಂದರೆ ಕುಳ್ಳರ ಶತ್ರುಗಳು, ಬಾಗಿಲಿಗೆ ಬಂದಿದ್ದವು. ಸೇತುವೆ ಎತ್ತಿಸಿದೆ. ಒಳಗೆ ಕುಡಿಯಲು, ತಿನ್ನಲು ಬೇಕಾದಷ್ಟು ಇತ್ತು, ಕಾದರೆ ಹೋಗುತ್ತವೆ ಅಂತ ಸುಮ್ನೆ ಕೂತೆ. ಆಗಲೇ ಡೋಮಾಸ್ ಅನ್ನುವ ಹುಡುಗ, 9 ವರ್ಷದವನು, ಕರಕುಶಲ ಕೆಲಸದ ಕೋಣೆಗೆ ಹೋಗಿ ಅದನ್ನು ಹಿಡಿದುಕೊಂಡ. ಯಾರಿಗೂ ಒಳಗೆ ಬಿಡಲಿಲ್ಲ. ವಿಚಿತ್ರ ಹುಚ್ಚು ಹಿಡಿಯುವುದು ಅಂದರೆ ಇದೇ ಅಲ್ವಾ, ನಿಮಗೆಲ್ಲ ಗೊತ್ತು. ಬೇಕಾದ ಸಾಮಾನು ಸಿಕ್ಕಿದರೆ ಜಗತ್ತಿನಲ್ಲೇ ಒಂದೇ ಒಂದು ಅನ್ನುವಂಥ ವಸ್ತು ಮಾಡುತ್ತಾರೆ. ಸಿಗದಿದ್ದರೆ ಬುದ್ಧಿ ಕೆಡುತ್ತದೆ.

ಹುಡುಗ ಒಂದು ಕಲ್ಲು ತಂದ. ಒಂದು ತುಂಡು ಮರ ತಂದ. ಆಮೇಲೆ ಕೂತ. ಕೋಣೆಯನ್ನು ಒತ್ತಿ ನೋಡಿದರೆ, ಅವನು ಚಿತ್ರ ಬರೆಯುತ್ತಿದ್ದಾನೆ ಅಂತ ಬರುತ್ತಿತ್ತು. ಚಿಪ್ಪಿನ ಚಿತ್ರ.

ಇಡೀ ಕೋಟೆಯಲ್ಲಿ ಒಂದು ಚಿಪ್ಪು ಇರಲಿಲ್ಲ. ಆಮೆ ಸಿಗುವ ಕೆರೆ ಸೇತುವೆಯ ಆಚೆ. ವ್ಯಾಪಾರದ ಗಾಡಿ ಬರುವುದು ಶರತ್ಕಾಲಕ್ಕೆ, ಅದೂ ಗಾಬ್ಲಿನ್ ಇರುವವರೆಗೆ ಬರಲ್ಲ. ಸೇತುವೆ ಇಳಿಸಿ ಒಬ್ಬ ಮೀನುಗಾರನನ್ನು ಕಳಿಸಲಾ ಅಂತ ಯೋಚಿಸಿದೆ. ಇಳಿಸಿದರೆ 90 ಜನರ ಗತಿ? ಇಳಿಸಲಿಲ್ಲ. ನಮ್ಮ ಟಿವಿ ಪಕ್ಕ ಒಂದು ಉಪ್ಪಿನಕಾಯಿ ಬರಣಿ ಇದೆ. ಹೋದ ವರ್ಷ ಮಲ್ಪೆಗೆ ಹೋದಾಗ ಮಗಳು ಆರಿಸಿ ತಂದ ಕಪ್ಪೆಚಿಪ್ಪು ಅದರ ತುಂಬ. ಅವತ್ತು ರಾತ್ರಿ ಒಂದು ಗಂಟೆಗೆ ಆ ಬರಣಿಯನ್ನು ನೋಡುತ್ತಾ ಕೂತಿದ್ದೆ.

ಡೋಮಾಸ್‌ಗೆ ಕೊನೆಗೆ ದುಃಖದ ಹುಚ್ಚು ಹಿಡಿಯಿತು. ಊಟ ಬಿಟ್ಟ, ನೀರು ಬಿಟ್ಟ. ಹಜಾರದಲ್ಲಿ ಓಡಾಡುತ್ತಿದ್ದ. ಸುತ್ತ ಎಲ್ಲರೂ ಊಟ ಮಾಡುತ್ತಿದ್ದರು. ಅಲ್ಲೇ ಸತ್ತ.

ಅವನ ಅಮ್ಮ ಎರಿತ್, ನಮ್ಮ ಕೋಟೆಯ ಕಲ್ಲು ಕೆತ್ತುವವಳು. ಹಜಾರದ ಗೋಡೆಗಳಿಗೆ ಕೆತ್ತನೆ ಕೆಲಸ ನಾನು ಮೊದಲೇ ಹೇಳಿಟ್ಟಿದ್ದೆ, ಮರೆತೂ ಹೋಗಿತ್ತು. ಗಾಬ್ಲಿನ್‌ಗಳು ಹೋದ ಮೇಲೆ ಒಂದು ದಿನ ಸುಮ್ನೆ ಗೋಡೆ ಒತ್ತಿ ನೋಡಿದೆ. ಅವಳು ಡೋಮಾಸ್‌ನನ್ನು ಕೆತ್ತಿದ್ದಳು. ಆಟ ಕೆತ್ತನೆಯ ವಿವರವನ್ನು ಎರಡು ಸಾಲಲ್ಲಿ ಹೇಳುತ್ತದೆ: ಹುಡುಗ ಇದ್ದಾನೆ, ಅವನ ಮುಖ ಬಾಡಿದೆ.

ಇಷ್ಟೇ. ಇದನ್ನು ಯಾರೂ ಕೂತು ಬರೆದಿಲ್ಲ. ಕಸ ಎಸೆದದ್ದು ನಾನು, ಸೇತುವೆ ಎತ್ತಿದ್ದು ನಾನು, ಗೋಡೆ ಕೆತ್ತಲು ಹೇಳಿದ್ದೂ ನಾನು. ಮೂರೂ ಸರಿಯಾದ ಕೆಲಸಗಳೇ. ನಿಮಗೂ ಹೀಗೆ ಆಗಿದೆಯಾ?

ಹಳೇ ಗಣಿ, ಪುಣೆ

ಕೋಟೆಮನೆ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಚಿಪ್ಪಿನ ಕಷ್ಟ ಹಳೆಯದು. ಆಡುವವರ ನಡುವೆ ಇದು ಕುಖ್ಯಾತ. ಮರ, ಕಲ್ಲು, ಮೂಳೆ ಎಲ್ಲ ಕಡೆ ಸಿಗುತ್ತೆ, ಚಿಪ್ಪು ಮಾತ್ರ ನೀರಿನ ಹತ್ತಿರ ಇದ್ದವರಿಗೆ. ಅದಕ್ಕೇ ಹಳಬರು ಆಮೆ ಚಿಪ್ಪನ್ನು ಕಸ ಅಂತ ನೋಡುವುದಿಲ್ಲ, ಬೇರೆ ರಾಶಿ ಮಾಡಿ ಇಡುತ್ತಾರೆ. ಆದರೆ ಇದು ಮೊದಲೇ ಯಾರಿಗೂ ತಿಳಿದಿರುವುದಿಲ್ಲ. ಎಲ್ಲರೂ ಒಬ್ಬರನ್ನು ಕಳೆದುಕೊಂಡ ಮೇಲೇ ಕಲಿಯುವುದು.

ಹೊಸಬರಿಗಾಗಿ ಹಿನ್ನೆಲೆ ಹೇಳುತ್ತೇನೆ. ಈ ಆಟ ಮಾಡಿದ್ದು ಟಾರ್ನ್ ಆಡಮ್ಸ್, ಝ್ಯಾಕ್ ಆಡಮ್ಸ್ ಅನ್ನುವ ಅಣ್ಣತಮ್ಮಂದಿರು. 2002ರಲ್ಲಿ ಶುರು ಮಾಡಿ 2006ರ ಆಗಸ್ಟ್‌ನಲ್ಲಿ ಮೊದಲ ಸಲ ಹೊರಗೆ ಬಿಟ್ಟರು, ಪುಕ್ಕಟೆಯಾಗಿ. ಟಾರ್ನ್ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು, ಕಾಲೇಜಿನ ಕೆಲಸ ಬಿಟ್ಟು ಇದಕ್ಕೇ ಕೂತರು. ಆಡುವವರು ಕೊಟ್ಟ ದುಡ್ಡಲ್ಲೇ ಹದಿನೈದು ವರ್ಷದ ಮೇಲೆ ಬದುಕಿದರು. ಚಿತ್ರ ಇರುವ, ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ಬರೀ ಅಕ್ಷರ, ಚಿಹ್ನೆ. ಕುಳ್ಳ ಅಂದರೆ ನಗುಮುಖದ ಒಂದು ಚಿಹ್ನೆ, ಅಷ್ಟೇ. ಆ ಚಿಹ್ನೆ ನೋಡಿಯೇ ನಾವು ಅತ್ತಿದ್ದೇವೆ.

ನನ್ನದು ಆ ಕಾಲದ ಕಥೆ. ಗಾಬ್ಲಿನ್‌ಗಳು ಮಕ್ಕಳನ್ನು ಕದಿಯುತ್ತವೆ ಅಂತ ಗೊತ್ತಲ್ಲ. ಚೀಲ ಹೊತ್ತ ಒಬ್ಬ ಕದ್ದು ಒಳಗೆ ಬಂದು 3 ವರ್ಷದ ಹುಡುಗಿಯನ್ನು ಎತ್ತಿಕೊಂಡು ಹೋದ. ನಾಯಿ ಬೊಗಳಿತು, ಕಾವಲಿನವರು ಓಡಿದರು, ಆಗಲಿಲ್ಲ. ನಕ್ಷೆಯ ಅಂಚು ದಾಟಿದ ಮೇಲೆ ಮುಗಿಯಿತು. ಮುಂದಿನ ಮಗು ಹೋಗದ ಹಾಗೆ ಬಾಗಿಲಲ್ಲಿ ನಾಯಿ ಜಾಸ್ತಿ ಕಟ್ಟಿದೆ, ಮರೆತೆ.

ಹನ್ನೆರಡು ವರ್ಷ ಆದ ಮೇಲೆ ಒಂದು ದೊಡ್ಡ ದಾಳಿ. ಗಾಬ್ಲಿನ್‌ಗಳ ಸಾಲಿನಲ್ಲಿ ಒಬ್ಬಳ ಹೆಸರು ಕುಳ್ಳರ ಹೆಸರು. ಒತ್ತಿ ನೋಡಿದೆ, ಅವಳೇ. ಯುದ್ಧ ನಿಲ್ಲಿಸುವುದು ಹೇಗೆ? ಆಟವನ್ನು ತಡೆದು ಇಟ್ಟು, ಮಲಗಿ, ಬೆಳಿಗ್ಗೆ ಎದ್ದು ಮತ್ತೆ ನೋಡಿದೆ. ದಾರಿ ಇರಲಿಲ್ಲ. ಅವಳನ್ನು ಕೊಡಲಿಯಿಂದ ಹೊಡೆದದ್ದು ನಮ್ಮ ದಂಡಿನ ಮುಂದಾಳು. ಅವನ ಸಂಬಂಧಿಕರ ಪಟ್ಟಿ ತೆಗೆದರೆ ತಂಗಿ ಅಂತ ಅವಳ ಹೆಸರೇ ಇತ್ತು. ಅವನಿಗೆ ಗುರುತು ಸಿಕ್ಕಿತೋ ಇಲ್ಲವೋ ಅದನ್ನು ಆಟ ಹೇಳುವುದಿಲ್ಲ. ಅದು ಹೇಳದೇ ಇರುವುದೇ ನನಗೆ ಇವತ್ತಿಗೂ ಕಷ್ಟ.

ನೀಲಿಹಕ್ಕಿ, ಹಿಂಜವಡಿ

ನಾನು ಚಿಕ್ಕದಾಗಿ ಹೇಳುತ್ತೇನೆ. ಈ ಆಟದಲ್ಲಿ ಅಮ್ಮ ಮಗುವನ್ನು ಎತ್ತಿಕೊಂಡೇ ಎಲ್ಲ ಕೆಲಸ ಮಾಡುತ್ತಾಳೆ. ದಂಡಿನಲ್ಲಿದ್ದರೆ ಯುದ್ಧಕ್ಕೂ ಎತ್ತಿಕೊಂಡೇ ಹೋಗುತ್ತಾಳೆ. ನನಗೆ ಗೊತ್ತಿರಲಿಲ್ಲ. ಒಂದು ಬಾಣ. ಅಮ್ಮ ಬದುಕಿದಳು.

ಆಗ ನನ್ನ ಮಗನಿಗೆ 7 ತಿಂಗಳು. ಒಂದು ವರ್ಷ ಆಟ ಮುಟ್ಟಲಿಲ್ಲ. ಈಗ ಮತ್ತೆ ಆಡುತ್ತೇನೆ. ಮಗು ಹುಟ್ಟಿದ ಕೂಡಲೇ ಅಮ್ಮನನ್ನು ದಂಡಿನಿಂದ ತೆಗೆಯುತ್ತೇನೆ. ಅದೇ ನನ್ನ ಮೊದಲ ಕೆಲಸ.

ಲೆಕ್ಕದವನು, ಠಾಣೆ

ಎಲ್ಲರ ಕಥೆಯೂ ಮನಸ್ಸಿಗೆ ತಟ್ಟಿತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಎರಿತ್ ಮಗನನ್ನು ನೆನೆದು ಕೆತ್ತಿದಳು ಅಂತ ನಾವು ಹೇಳುತ್ತೇವೆ. ಕೆತ್ತನೆಗೆ ಯಾವ ವಿಷಯ ಅನ್ನುವುದನ್ನು ಆಟ ಒಂದು ದೊಡ್ಡ ಪಟ್ಟಿಯಿಂದ ಆರಿಸುತ್ತದೆ. ಹಳೇ ಯುದ್ಧ, ರಾಜ, ಪ್ರಾಣಿ, ಗಿಡ, ಬರೀ ಚೌಕ ಕೂಡ ಬರುತ್ತದೆ. ಆ ಗೋಡೆಗೆ ಒಂದು ಅಣಬೆ ಬಂದಿದ್ದರೆ ನಾವು ಯಾರೂ ಇಲ್ಲಿ ಬರೆಯುತ್ತಿರಲಿಲ್ಲ. ಹಾಗಾದರೆ ಕಥೆ ಇರುವುದು ಆಟದಲ್ಲಾ, ನಮ್ಮ ತಲೆಯಲ್ಲಾ?

ಹಳೇ ಗಣಿ, ಪುಣೆ

ಒಳ್ಳೆ ಪ್ರಶ್ನೆ. ಕೆತ್ತನೆ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅಲ್ಲಿ ಅದೃಷ್ಟದ ಪಾಲು ಇದೆ. ಆದರೆ ಡೋಮಾಸ್ ಸತ್ತದ್ದು ಅದೃಷ್ಟದಿಂದ ಅಲ್ಲ. ಕಸ, ನಾತ, ಮಾಗ್ಮಾ, ಸೇತುವೆ, ಇವೆಲ್ಲ ಒಂದಕ್ಕೊಂದು ನಿಜವಾಗಿ ಕಟ್ಟಿಕೊಂಡಿವೆ.

ಬೆಕ್ಕುಗಳ ವಿಷಯ ಕೇಳಿದ್ದೀರಾ? 2015ರ ಡಿಸೆಂಬರ್‌ನಲ್ಲಿ ಆಟಕ್ಕೆ ಹೆಂಡದಂಗಡಿ ಸೇರಿಸಿದರು. ಅದಾದ ಮೇಲೆ ಜನರ ಕೋಟೆಗಳಲ್ಲಿ ಬೆಕ್ಕುಗಳು ವಾಂತಿ ಮಾಡಿ ಸಾಯತೊಡಗಿದವು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಟಾರ್ನ್ ಹುಡುಕಿದರು. ಕುಡಿಯುವವರು ನೆಲಕ್ಕೆ ಹೆಂಡ ಚೆಲ್ಲುತ್ತಾರೆ. ಬೆಕ್ಕು ಅದರ ಮೇಲೆ ನಡೆಯುತ್ತದೆ, ಪಾದಕ್ಕೆ ಅಂಟುತ್ತದೆ. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ ಅಂತ ಹಿಂದೆಯೇ ಬರೆದಿಟ್ಟಿದ್ದರು. ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ. ಮೈ ಚಿಕ್ಕದಾದಷ್ಟೂ ಅಮಲು ಬೇಗ ಅಂತಲೂ ಲೆಕ್ಕ ಇತ್ತು. ತಪ್ಪಿದ್ದದ್ದು ಒಂದೇ ಕಡೆ: ಪಾದಕ್ಕೆ ಅಂಟಿದ ಹನಿಯನ್ನು ಪೂರ್ತಿ ಒಂದು ಲೋಟ ಅಂತ ಎಣಿಸುತ್ತಿತ್ತು. ಒಂದೊಂದು ನಿಯಮವೂ ಬೇರೆ ಬೇರೆ ದಿನ, ಬೇರೆ ಬೇರೆ ಕಾರಣಕ್ಕೆ ಬರೆದದ್ದು. ಬೆಕ್ಕು ಸಾಯಲಿ ಅಂತ ಯಾರೂ ಬರೆದಿರಲಿಲ್ಲ.

ಬೆಕ್ಕು ಸತ್ತರೆ ಅಲ್ಲಿಗೆ ಮುಗಿಯುವುದೂ ಇಲ್ಲ. ಅಲ್ಲಿ ಬೆಕ್ಕೇ ತನ್ನ ಯಜಮಾನನನ್ನು ಆರಿಸಿಕೊಳ್ಳುತ್ತದೆ. ಆ ಯಜಮಾನ ಕೊರಗುತ್ತಾನೆ. ಹಳೇ ಆವೃತ್ತಿಯಲ್ಲಿ ಕೊರಗಿದವನು ಸಿಟ್ಟಿಗೆ ಬಂದು ಇನ್ನೊಬ್ಬನಿಗೆ ಹೊಡೆಯುತ್ತಿದ್ದ, ಹೊಡೆತ ತಿಂದವನು ಸತ್ತರೆ ಅವನ ಗೆಳೆಯರು ಕೊರಗುತ್ತಿದ್ದರು, ಅವರಲ್ಲೊಬ್ಬ ಮತ್ತೆ ಹೊಡೆಯುತ್ತಿದ್ದ. ಹೀಗೆ ಇಡೀ ಕೋಟೆ ಹೋದದ್ದು ನನ್ನ ಕಣ್ಣೆದುರೇ ಆಗಿದೆ.

ಘಾಟ್‌ಕೋಪರ್ ಪೂರ್ವ

ಲೆಕ್ಕದವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಆದರೆ ಒಬ್ಬನ ವಿಷಯ ಹೇಳಬೇಕು. ಅವನು ಸತ್ತವನೂ ಅಲ್ಲ, ಯುದ್ಧದವನೂ ಅಲ್ಲ.

ಎರಡನೇ ವರ್ಷ ಹೊರಗಿನಿಂದ ಜನ ಗುಂಪು ಗುಂಪಾಗಿ ಬರುತ್ತಾರಲ್ಲ, ಅದರಲ್ಲಿ ಬಂದವನು. ಕಡೋಲ್ ಅಂತ ಹೆಸರು. ಕಸುಬು ಸೋಪು ಮಾಡುವುದು. ನನಗೆ ಸೋಪು ಬೇಕಾಗಿರಲಿಲ್ಲ. ಸಾಮಾನು ಹೊರುವ ಕೆಲಸಕ್ಕೆ ಹಾಕಿದೆ. ಆರು ವರ್ಷ ಹೊತ್ತ. ಕಲ್ಲು, ಪೀಪಾಯಿ, ಹೆಣ. ಒಂದು ತಕರಾರಿಲ್ಲ.

ಒಂದು ದಿನ ಕೆಲಸ ಯಾಕೆ ನಿಧಾನ ಅಂತ ಅವನ ಹೆಸರು ಒತ್ತಿದೆ. ಇವರಿಗೆಲ್ಲ ಮನಸ್ಸಿನ ಬೇಡಿಕೆ ಅಂತ ಒಂದು ಪಟ್ಟಿ ಇರುತ್ತೆ. ದೇವರಿಗೆ ಕೈ ಮುಗಿಯಬೇಕು, ಏನಾದರೂ ಮಾಡಬೇಕು, ಒಳ್ಳೆ ಊಟ ಬೇಕು, ಹೀಗೆ. ಅವನ ಪಟ್ಟಿಯಲ್ಲಿ ಉಳಿದೆಲ್ಲ ಸರಿ ಇತ್ತು. ಒಂದು ಸಾಲು ಮಾತ್ರ ಕೆಂಪು. ಮನೆಯವರ ಜೊತೆ ಇರಬೇಕು ಅನ್ನುವುದು. ತುಂಬ ದಿನದಿಂದ ಮನೆಯವರಿಂದ ದೂರ ಇದ್ದು ಮನಸ್ಸು ಎಲ್ಲೋ ಇದೆ ಅಂತ. ಅವನ ಅಪ್ಪ ಅಮ್ಮ ನನ್ನ ಕೋಟೆಯಲ್ಲಿ ಇರಲಿಲ್ಲ. ಅವರನ್ನು ಕರೆಸಿಕೊಳ್ಳುವ ಗುಂಡಿ ಆಟದಲ್ಲಿ ಇಲ್ಲ. ಆ ಬೇಡಿಕೆಯನ್ನು ನಾನು ಏನು ಮಾಡಿದರೂ ತೀರಿಸಲಾಗುವುದಿಲ್ಲ.

ನಮ್ಮ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹೋಟೆಲಿನಲ್ಲಿ ಮಾಣಿ. ಹಗಲು ಮೇಜು ಒರೆಸುವುದು, ಸಂಜೆ ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆ, ಶಾಲೆ ಮುಗಿಸಿ ಬಂದು ಅದೇ ಮೇಜುಗಳನ್ನು ಜೋಡಿಸಿ ಮಲಗುವುದು. ವರ್ಷಕ್ಕೊಂದು ಸಲ ಊರು. ನಾನು ನೋಡುವ ಹೊತ್ತಿಗೆ ಅವರು ತುಂಬ ಕಮ್ಮಿ ಮಾತಿನವರು. 'ಎಂಥ ಕಷ್ಟವೂ ಇರ್ಲಿಲ್ಲ ಮಾರಾಯ' ಅಂತಿದ್ದರು. ಅವರು ಹೋದ ಮೇಲೆ ತಗಡಿನ ಪೆಟ್ಟಿಗೆ ತೆಗೆದೆವು. ಮನಿ ಆರ್ಡರ್ ರಸೀದಿಗಳು, ಒಂದು ಕಟ್ಟು, ಬಾಳೆನಾರಿನಲ್ಲಿ ಕಟ್ಟಿದ್ದು. ಪ್ರತಿ ತಿಂಗಳದ್ದೂ ಇತ್ತು. ಎಲ್ಲವೂ ಅವರ ಅಮ್ಮನ ಹೆಸರಿಗೆ.

ಕಡೋಲ್‌ನ ಕೆಂಪು ಸಾಲು ನೋಡಿದಾಗ ನನಗೆ ನೆನಪಾದದ್ದು ಆ ಬಾಳೆನಾರು. ಆಮೇಲೆ ಅವನಿಗೆ ಸೋಪಿನ ಕೋಣೆ ಕಟ್ಟಿಸಿಕೊಟ್ಟೆ. ಬೂದಿ, ಕೊಬ್ಬು, ಎಲ್ಲ ಹತ್ತಿರ. ಸೋಪು ಮಾಡಿದ. ಕೆಂಪು ಸಾಲು ಹಾಗೇ ಇತ್ತು.

ಆ ಕೋಟೆ ಬಿದ್ದ ಮೇಲೆ ಆಟದ ಜಗತ್ತಿನ ಚರಿತ್ರೆ ತೆರೆದು ಓದಿದೆ. ಅವನ ಅಮ್ಮ, ಅವನು ನನ್ನ ಕೋಟೆಗೆ ಬರುವುದಕ್ಕೆ ಮುಂಚಿನ ವರ್ಷವೇ ಒಂದು ದಾಳಿಯಲ್ಲಿ ಸತ್ತಿದ್ದಳು.

ನೀಲಿಹಕ್ಕಿ, ಹಿಂಜವಡಿ

ನಿಮ್ಮ ದೊಡ್ಡಪ್ಪನ ವಿಷಯ ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ನಮ್ಮ ಮಾವನವರೂ ರಾತ್ರಿ ಶಾಲೆಯಲ್ಲಿ ಓದಿದವರೇ. ಅವರಿಗೆ ಇದನ್ನು ಓದಿ ಹೇಳಿದೆ. ಆಟದ ಭಾಗ ಎಷ್ಟು ಅರ್ಥ ಆಯಿತೋ ಗೊತ್ತಿಲ್ಲ. ಮೇಜು ಜೋಡಿಸಿ ಮಲಗುವುದು ಅಂದಾಗ, 'ಗೋಡೆ ಬದಿಯ ಮೇಜು ಸಿಕ್ಕಿದರೆ ಪುಣ್ಯ, ಫ್ಯಾನ್ ಗಾಳಿ ಬರುತ್ತಿತ್ತು' ಅಂದರು.

ಮಾಂಡವಿ ತೀರ, ಪಣಜಿ

ನನ್ನದು ನೀರಿನ ಕಥೆ. ಕೆರೆಯ ಕೆಳಗೆ ಸುರಂಗ ತೋಡಿಸುತ್ತಿದ್ದೆ. ಒಂದು ಚೌಕದ ಲೆಕ್ಕ ತಪ್ಪಿ ಮೇಲಿನ ಕಲ್ಲು ತೆಗೆಸಿಬಿಟ್ಟೆ. ನೀರು ನುಗ್ಗಿತು. ಸುರಂಗದ ಬಾಯಲ್ಲಿ ಒಂದು ಬಾಗಿಲಿತ್ತು. ಅದಕ್ಕೆ ಬೀಗ ಹಾಕಿದರೆ ಕೋಟೆ ಉಳಿಯುತ್ತದೆ. ಒಳಗೆ ಇಬ್ಬರು ಅಗೆಯುವವರು, ಗಂಡ ಹೆಂಡತಿ. ಬೀಗ ಹಾಕಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹೆಣ ತರಲಿಕ್ಕೆ ಆಗಲಿಲ್ಲ, ನೀರು ತುಂಬಿದೆಯಲ್ಲ. ಮಣ್ಣು ಮಾಡದವರು ಈ ಆಟದಲ್ಲಿ ದೆವ್ವವಾಗಿ ಬರುತ್ತಾರೆ. ಹೆಂಡತಿ ಬಂದಳು. ಕೋಟೆಯಲ್ಲಿ ಓಡಾಡುತ್ತಿದ್ದಳು, ಅವಳನ್ನು ನೋಡಿದವರೆಲ್ಲ ಹೆದರಿ ಕೆಲಸ ಬಿಡುತ್ತಿದ್ದರು. ಹೆಣ ಸಿಗದವರಿಗೆ ಒಂದೇ ದಾರಿ: ಕಲ್ಲಿನ ಫಲಕದಲ್ಲಿ ಹೆಸರು ಕೆತ್ತಿಸಿ ನಿಲ್ಲಿಸಬೇಕು. ನಮ್ಮಲ್ಲಿ ವೀರಗಲ್ಲು ನಿಲ್ಲಿಸುತ್ತಿದ್ದರಲ್ಲ, ಹಾಗೇ.

ಕೆತ್ತಿಸಿದೆ. ಫಲಕದ ಮೇಲೆ ಏನು ಬರೆಯಬೇಕು ಅನ್ನುವುದನ್ನು ಆಟವೇ ಆರಿಸುತ್ತದೆ. ಹುಟ್ಟಿದ ವರ್ಷ, ನೀರಲ್ಲಿ ಮುಳುಗಿದ ವರ್ಷ, ಯಾರ ಹೆಂಡತಿ. ಬಾಗಿಲ ಹೊರಗೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದೆ. ದೆವ್ವ ಅವತ್ತೇ ಹೋಯಿತು. ನನಗೆ ಸಮಾಧಾನ ಆಯಿತು ಅಂತ ಹೇಳಲಾರೆ. ಹೆಸರು ಬರೆದು ನಿಲ್ಲಿಸದೆ ಹೋಗುವುದಿಲ್ಲ ಅನ್ನುವ ನಿಯಮವನ್ನು ಒಂದು ಆಟದಲ್ಲಿ ಯಾರೋ ಯೋಚಿಸಿ ಇಟ್ಟಿದ್ದಾರಲ್ಲ, ಅದು ನನಗೆ ದೊಡ್ಡದು.

ಹೊಸಬಳು, ಮುಲುಂಡ್

ಇದನ್ನೆಲ್ಲ ಓದಿ ಆಡಬೇಕು ಅನ್ನಿಸಿತು. ತುಂಬ ಕಷ್ಟ ಅಂತಾರಲ್ಲ? ಮೊದಲು ಏನು ಕಲಿಯಬೇಕು?

ಹಳೇ ಗಣಿ, ಪುಣೆ

ಬನ್ನಿ ಬನ್ನಿ. ಮೊದಲ ಚಳಿಗಾಲದೊಳಗೆ ಎರಡು ಕೆಲಸ: ಅಣಬೆ ಹೊಲ, ಹೆಂಡ ಇಳಿಸುವ ಕೋಣೆ. ಕುಳ್ಳರಿಗೆ ಹೆಂಡ ಸಿಗದಿದ್ದರೆ ಕೈಕಾಲು ಆಡುವುದಿಲ್ಲ. ಶವಪೆಟ್ಟಿಗೆ ನಾಲ್ಕು ಮೊದಲೇ ಮಾಡಿಸಿಡಿ. ಮತ್ತೆ ಚಿಪ್ಪು ಎಸೆಯಬೇಡಿ. ಕೋಟೆ ಬೀಳುತ್ತದೆ, ಎಲ್ಲರದ್ದೂ ಬಿದ್ದಿದೆ. ಸೋಲುವುದೂ ಮಜಾ ಅನ್ನುವುದೇ ಈ ಆಟದವರ ಮಾತು.

ಲೆಕ್ಕದವನು, ಠಾಣೆ

ನಾನು ಕೇಳಿದ ಪ್ರಶ್ನೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ನಿನ್ನೆ ರಾತ್ರಿ ನನ್ನ ಕೋಟೆ ತೆರೆದು 140 ಜನರ ಹೆಸರನ್ನೂ ಒಂದೊಂದಾಗಿ ಒತ್ತಿ ಓದಿದೆ. ಎರಡು ಗಂಟೆ ಆಯಿತು. ಮನೆಯವರಿಂದ ದೂರ ಇರುವವರು 31 ಜನ. ಕೋಟೆಮನೆ, ನಿಮ್ಮ ಎರಿತ್ ಈಗ ಹೇಗಿದ್ದಾಳೆ?

ಕೋಟೆಮನೆ, ಡೊಂಬಿವಲಿ

ಎಲ್ಲರದ್ದೂ ಓದಿದೆ. ಕೆಲವನ್ನು ರೈಲಿನಲ್ಲಿ ನಿಂತು, ಕೆಲವನ್ನು ಎರಡೆರಡು ಸಲ. ಘಾಟ್‌ಕೋಪರ್ ಅಣ್ಣ, ಬಾಳೆನಾರು ಮನಸ್ಸಿನಿಂದ ಹೋಗುತ್ತಿಲ್ಲ.

ಎರಿತ್ ಇದ್ದಾಳೆ. ನೀವು ಕೇಳಿದ ಮೇಲೆ ಅವಳ ಪುಟ ತೆರೆದೆ. ನೆನಪುಗಳ ಪಟ್ಟಿಯಲ್ಲಿ ಮಗ ಸತ್ತದ್ದು ಇದೆ, ಅದು ಮತ್ತೆ ಮತ್ತೆ ನೆನಪಾಗಿ ದುಃಖ ಆಗುತ್ತಿದೆ ಅಂತ. ಅದರ ಕೆಳಗಿನ ಸಾಲು: ಊಟದ ಹಜಾರದಲ್ಲಿ ಒಳ್ಳೆಯ ಕೆತ್ತನೆ ನೋಡಿ ಮನಸ್ಸಿಗೆ ಹಿತ ಆಯಿತು. ಯಾವ ಕೆತ್ತನೆ ಅಂತ ಆಟ ಹೇಳುವುದಿಲ್ಲ. ಅವಳು ಊಟಕ್ಕೆ ಕೂರುವ ಮೇಜಿನ ಎದುರಿಗಿರುವುದು ಡೋಮಾಸ್‌ನ ಗೋಡೆ.

ಈಗ ನಮ್ಮಲ್ಲಿ 120 ಜನ ಆಗಿದ್ದಾರೆ. ಹಜಾರ ಸಾಲುತ್ತಿಲ್ಲ, ಜನ ನಿಂತು ತಿನ್ನುತ್ತಿದ್ದಾರೆ. ಬೆಳೆಸಬೇಕಾದರೆ ಜಾಗ ಇರುವುದು ಒಂದೇ ಕಡೆ, ಆ ಗೋಡೆಯ ಕಡೆ. ಉಳಿದ ಮೂರೂ ಕಡೆ ಮಲಗುವ ಕೋಣೆ, ಬಾವಿ, ಉಗ್ರಾಣ. ನಾಲ್ಕು ದಿನ ಮುಂದೂಡಿದೆ. ನಿನ್ನೆ ರಾತ್ರಿ ಗುರುತು ಹಾಕಿದೆ. ಇಡೀ ಸಾಲು ಅಗೆಯಿರಿ ಅಂತ ಹೇಳಿ, ಆ ಒಂದು ಕಲ್ಲಿನ ಮೇಲಿನ ಗುರುತು ಮಾತ್ರ ಅಳಿಸಿದೆ.

ಹಜಾರ ಎರಡರಷ್ಟು ಆಗಿದೆ. ನಡುವೆ, ಸರಿಯಾಗಿ ನಡುವೆಯೂ ಅಲ್ಲ, ಸ್ವಲ್ಪ ಎಡಕ್ಕೆ, ಒಂದು ಕಂಬ ನಿಂತಿದೆ. ಅದರ ಮೇಲೆ ಏನೂ ನಿಂತಿಲ್ಲ, ಮಾಡಿಗೂ ಅದು ಬೇಕಿಲ್ಲ. ಮೇಜುಗಳನ್ನು ಅದರ ಸುತ್ತ ಹೊಂದಿಸಿದೆ. ಅಡುಗೆ ಮನೆಯಿಂದ ತಟ್ಟೆ ತರುವವರು ಅಲ್ಲಿಗೆ ಬಂದು ಒಂದು ಹೆಜ್ಜೆ ಬದಿಗೆ ಸರಿದು ಹೋಗುತ್ತಾರೆ. ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. 'ಅಪ್ಪಾ, ಆ ಒಂದು ಕಲ್ಲು ತೆಗೆಯೋಕೆ ಮರೆತಿದ್ದೀರಾ?' ಅಂದಳು. ಇಲ್ಲ ಮಗಾ, ಅದು ಡೋಮಾಸ್‌ದು ಅಂದೆ.